ಆರೆಂಜ್ ರಫಿಯ ವಯಸ್ಸೆಷ್ಟು?

(1/3)

ಮನೇಲಿ ಮೀನಿನ ತಲೆ ಚೀಪಿ ತಿನ್ನೋರು ಯಾರಾದ್ರೂ ಇದ್ರೆ ಕೇಳಿ ನೋಡಿ. ಕೆಲವು ಮೀನಿನ ತಲೆಯಲ್ಲಿ ಹಲ್ಲಿಗೆ ಕಟಕ್ ಅಂತ ಸಿಗೋ ಬಿಳಿ ಕಲ್ಲು ಅವರಿಗೆ ಗೊತ್ತಿರುತ್ತೆ. ಉಗುಳಿ ತಟ್ಟೆ ಪಕ್ಕಕ್ಕೆ ಹಾಕ್ತಾರೆ. ಮೊದಲ ಫೋಟೋದಲ್ಲಿರೋದು ಅಂಥದ್ದೇ ಒಂದು ಕಲ್ಲು, ತೆಳ್ಳಗೆ ಕತ್ತರಿಸಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟದ್ದು. ಹೆಸರು ಓಟೊಲಿತ್. ನಾವು ಕಿವಿಕಲ್ಲು ಅನ್ನೋಣ.

ಕಿವಿ ಮೂಳೆ ಅಂತಲೂ ಕರೀತಾರೆ, ಆದ್ರೆ ಇದು ಮೂಳೆ ಅಲ್ಲ. ಕಪ್ಪೆಚಿಪ್ಪು ಯಾವುದರಿಂದ ಆಗಿದೆಯೋ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ಮೀನಿಗೆ ಕೇಳಿಸೋಕೂ ನೀರಲ್ಲಿ ಮೈ ಸಮತೋಲನ ಇಟ್ಕೊಳ್ಳೋಕೂ ಇದು ಬೇಕು. ಮೀನು ಬೆಳೆದಂತೆ ಕಲ್ಲಿನ ಮೇಲೂ ಪದರ ಕೂರುತ್ತಾ ಹೋಗುತ್ತೆ. ಚೆನ್ನಾಗಿ ಬೆಳೆಯೋ ಕಾಲದಲ್ಲಿ ಅಗಲದ ಪಟ್ಟಿ, ಬೆಳವಣಿಗೆ ಕುಂಟೋ ಕಾಲದಲ್ಲಿ ಸಣ್ಣ ಪಟ್ಟಿ. ಮೂಳೆಯನ್ನ ದೇಹ ಕರಗಿಸಿ ಮತ್ತೆ ಕಟ್ಟಬಹುದು, ಹುರುಪೆ ಉದುರಿ ಹೊಸದು ಬರಬಹುದು. ಕಿವಿಕಲ್ಲಿನಲ್ಲಿ ಒಮ್ಮೆ ಕೂತ ಪದರ ಮಾತ್ರ ಸಾಯೋವರೆಗೂ ಅಲ್ಲೇ ಇರುತ್ತೆ.

ಇದನ್ನ ಓದಿ ವಯಸ್ಸು ಹೇಳಬಹುದು ಅಂತ ತೋರಿಸಿದ್ದು ಜರ್ಮನಿಯ ಯೊಹಾನೆಸ್ ರೈಬಿಷ್, 1899ರಲ್ಲಿ, ಪ್ಲೇಸ್ ಅನ್ನೋ ಚಪ್ಪಟೆ ಮೀನಿನ ಮೇಲೆ. 1971ರಲ್ಲಿ ಜಾರ್ಜಿಯೊ ಪನ್ನೆಲ್ಲಾ ಇನ್ನೊಂದು ಹೆಜ್ಜೆ ಮುಂದೆ ಹೋದ. ವರ್ಷದ ಪಟ್ಟಿಯೊಳಗೇ ದಿನಕ್ಕೊಂದರಂತೆ ಸೂಕ್ಷ್ಮ ಗೆರೆ ಇವೆ ಅಂತ ತೋರಿಸಿದ. ಅಂದ್ರೆ ಮರಿಮೀನು ಯಾವ ದಿನ ಹುಟ್ಟಿತು ಅಂತಲೂ ಲೆಕ್ಕ ಹಾಕಬಹುದು. ನಮ್ಮಲ್ಲಿ ಎಷ್ಟೋ ಅಜ್ಜಂದಿರಿಗೆ ಇಷ್ಟು ಸರಿಯಾದ ಜನ್ಮದಿನಾಂಕ ಇಲ್ಲ!

ಇಷ್ಟು ಕೇಳಿದ್ರೆ ಕೆಲಸ ಸುಲಭ ಅನ್ಸುತ್ತೆ. ಎಣಿಸಿದ್ರಾಯ್ತು, ಅಲ್ವಾ? ಅಲ್ಲ. ಎಣಿಕೆ ತಪ್ಪಿದ್ರೆ ಏನಾಗುತ್ತೆ ಅನ್ನೋದೇ ಇವತ್ತಿನ ಕಥೆ.

(2/3)

ಆರೆಂಜ್ ರಫಿ. (ಹಾಡೋ ರಫಿ ಅಲ್ಲ.) 1889ರಲ್ಲೇ ವಿಜ್ಞಾನದ ದಾಖಲೆಗೆ ಸೇರಿದ ಆಳಸಮುದ್ರದ ಮೀನು. ಸಮುದ್ರದ ಒಂದು ಕಿಲೋಮೀಟರ್ ಆಸುಪಾಸು ಆಳದ ಕತ್ತಲಲ್ಲಿ ವಾಸ. ಇಟ್ಟಿಗೆ ಕೆಂಪು ಬಣ್ಣ, ಉದ್ದ ಸುಮಾರು 40 ಸೆಂಟಿಮೀಟರ್. ಇದರ ಕುಟುಂಬಕ್ಕೆ ಇಂಗ್ಲಿಷಿನಲ್ಲಿ ‘ಲೋಳೆತಲೆ’ ಅನ್ನೋ ಅರ್ಥದ ಹೆಸರಿದೆ. ಆ ಹೆಸರಲ್ಲಿ ಮಾರಿದ್ರೆ ಯಾರು ತಗೊಳ್ತಾರೆ ಹೇಳಿ.

1970ರ ದಶಕದ ಕೊನೆಗೆ ನ್ಯೂಜಿಲೆಂಡಿನ ಪೂರ್ವಕ್ಕಿರೋ ಚಾಥಮ್ ರೈಸ್ ಅನ್ನೋ ಸಮುದ್ರದಡಿಯ ದಿಬ್ಬದ ಹತ್ತಿರ ಇವು ರಾಶಿ ರಾಶಿ ಸಿಗ್ತವೆ ಅಂತ ಗೊತ್ತಾಯ್ತು. ಮೊಟ್ಟೆ ಇಡೋ ಕಾಲದಲ್ಲಿ ಸಮುದ್ರದೊಳಗಿನ ಬೆಟ್ಟಗಳ ಸುತ್ತ ದಟ್ಟವಾಗಿ ಗುಂಪುಗೂಡೋದು ಇವುಗಳ ಸ್ವಭಾವ. ಟ್ರಾಲ್ ಬಲೆಗೆ ಇದಕ್ಕಿಂತ ಒಳ್ಳೆ ಗುರಿ ಇಲ್ಲ. ಬಿಳಿ ಮಾಂಸ, ವಾಸನೆ ಕಡಿಮೆ. ಫ್ರೀಜ್ ಮಾಡಿ ಅಮೆರಿಕಕ್ಕೆ ಕಳಿಸಿದ್ರು. 1980ರ ದಶಕದ ಕೊನೆಗೆ ನ್ಯೂಜಿಲೆಂಡ್ ಒಂದೇ ವರ್ಷಕ್ಕೆ 50 ಸಾವಿರ ಟನ್ನಿಗೂ ಹೆಚ್ಚು ಹಿಡೀತಿತ್ತು. 1989ರಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾ ಹತ್ತಿರ ಸೇಂಟ್ ಹೆಲೆನ್ಸ್ ಅನ್ನೋ ಜಲಬೆಟ್ಟದ ಮೇಲೂ ದೊಡ್ಡ ಗುಂಪು ಸಿಕ್ತು.

ವರ್ಷಕ್ಕೆ ಎಷ್ಟು ಹಿಡಿಯಬಹುದು ಅನ್ನೋ ಲೆಕ್ಕ ಮೀನಿನ ವಯಸ್ಸಿನ ಮೇಲೆ ನಿಂತಿದೆ. ಬ್ಯಾಂಕ್ ಡೆಪಾಸಿಟ್ ಥರ ಯೋಚಿಸಿ. ಬೇಗ ಬೆಳೆದು ಬೇಗ ಮರಿ ಮಾಡೋ ಮೀನು ಅಂದ್ರೆ ಬಡ್ಡಿ ಜಾಸ್ತಿ, ಆ ಬಡ್ಡಿಯನ್ನಷ್ಟೇ ತಿಂದ್ರೆ ಅಸಲು ಉಳಿಯುತ್ತೆ. ಆರೆಂಜ್ ರಫಿ ಸುಮಾರು 20–30 ವರ್ಷ ಬದುಕುತ್ತೆ ಅಂತ ಮೊದಮೊದಲು ಅಂದುಕೊಂಡಿದ್ರು.

ಇಲ್ಲೇ ಎಡವಟ್ಟು. ಮೀನಿಗೆ ವಯಸ್ಸಾದ ಮೇಲೆ ಪದರಗಳು ಕೂದಲಿಗಿಂತ ಸಣ್ಣ ಆಗಿ ಒತ್ತೊತ್ತಾಗಿ ಕೂರ್ತವೆ. ಕಲ್ಲನ್ನ ಕತ್ತರಿಸದೆ ಮೇಲಿಂದ ನೋಡಿ ಎಣಿಸಿದ್ರೆ ಅವು ಕಾಣೋದೇ ಇಲ್ಲ. ಕತ್ತರಿಸಿ ಎಣಿಸಿದ್ರೂ, ಒಂದು ಗೆರೆ ಅಂದ್ರೆ ಒಂದೇ ವರ್ಷ ಅನ್ನೋದಕ್ಕೆ ಪುರಾವೆ? ಬೇರೆ ದಾರಿಯಿಂದ ತಾಳೆ ನೋಡದೆ ಮೀನಿನ ವಯಸ್ಸು ನಂಬಬೇಡಿ ಅಂತ ಕೆನಡಾದ ರಿಚರ್ಡ್ ಬೀಮಿಷ್ ಮತ್ತು ಗಾರ್ಡನ್ ಮ್ಯಾಕ್‌ಫಾರ್ಲೇನ್ 1983ರಲ್ಲೇ ಬರೆದಿದ್ರು. ಆಳಸಮುದ್ರದ ಮೀನನ್ನ ಮೇಲೆ ತಂದು ಗುರುತು ಹಾಕಿ ವಾಪಸ್ ಬಿಡೋ ಹಾಗೂ ಇಲ್ಲ, ಮೇಲೆ ಬರೋ ಹೊತ್ತಿಗೆ ಸತ್ತಿರುತ್ತೆ.

(3/3)

ತಾಳೆ ನೋಡೋ ದಾರಿ ಸಿಕ್ಕಿದ್ದು ಸೀಸದಿಂದ!

ಸಮುದ್ರದ ನೀರಲ್ಲಿ ತುಂಬಾ ಅಲ್ಪ ಪ್ರಮಾಣದಲ್ಲಿ ರೇಡಿಯಂ-226 ಇರುತ್ತೆ. ಕ್ಯಾಲ್ಸಿಯಂ ಜೊತೆ ಅದೂ ಕಿವಿಕಲ್ಲಿಗೆ ಸೇರಿಕೊಳ್ಳುತ್ತೆ. ಅದರ ಅರ್ಧಾಯುಷ್ಯ ಸುಮಾರು 1,600 ವರ್ಷ, ಹಾಗಾಗಿ ಮೀನಿನ ಜೀವಮಾನದಲ್ಲಿ ಅಷ್ಟೇನೂ ಕಮ್ಮಿ ಆಗಲ್ಲ. ಆದ್ರೆ ಅದು ಕ್ಷಯಿಸ್ತಾ ಕ್ಷಯಿಸ್ತಾ ಕಲ್ಲಿನೊಳಗೇ ಸೀಸ-210 ಹುಟ್ಟುತ್ತೆ. ಅದರ ಅರ್ಧಾಯುಷ್ಯ ಸುಮಾರು 22 ವರ್ಷ. ಹೊಸ ಕಲ್ಲಲ್ಲಿ ಈ ಸೀಸ ಕಡಿಮೆ, ಹಳೇ ಕಲ್ಲಲ್ಲಿ ಹೆಚ್ಚು. ಎರಡರ ಅನುಪಾತ ಅಳೆದ್ರೆ ಗೆರೆ ಎಣಿಸದೆಯೇ ವಯಸ್ಸು ಸಿಗುತ್ತೆ.

1991ರಲ್ಲಿ ಆಸ್ಟ್ರೇಲಿಯಾದ ಗ್ವೆನ್ ಫೆಂಟನ್ ಮತ್ತು ಜೊತೆಗಾರರು ಈ ಲೆಕ್ಕ ಪ್ರಕಟಿಸಿದ್ರು. 38–40 ಸೆಂಟಿಮೀಟರ್ ಉದ್ದದ ಮೀನುಗಳಿಗೆ ಸಿಕ್ಕ ವಯಸ್ಸು 77ರಿಂದ 149 ವರ್ಷ. ಅಂದ್ರೆ ಅಮೆರಿಕದ ಯಾವುದೋ ಊಟದ ತಟ್ಟೆಯಲ್ಲಿದ್ದ ಮೀನು, ಟೆಲಿಫೋನ್ ಬರೋಕೂ ಮುಂಚೆ ಹುಟ್ಟಿದ್ದಿರಬಹುದು.

ಎಲ್ಲರೂ ಒಪ್ಪಲಿಲ್ಲ. ಇಡೀ ಕಲ್ಲನ್ನ ಅಳೆದ್ರೆ ಹಳೇ ಪದರ ಹೊಸ ಪದರ ಎಲ್ಲಾ ಬೆರೆತಿರುತ್ತೆ, ಕಲ್ಲು ಹೇಗೆ ಬೆಳೀತು ಅಂತ ಊಹೆ ಮಾಡ್ಕೊಳ್ಳಲೇಬೇಕು. ಆ ಆಕ್ಷೇಪ ನ್ಯಾಯವಾದದ್ದೇ ಅಂತ ನನಗನಿಸುತ್ತೆ. 2009ರಲ್ಲಿ ಆಲನ್ ಆ್ಯಂಡ್ರೂಸ್ ಮತ್ತು ಸಂಗಡಿಗರು ಕಲ್ಲಿನ ನಟ್ಟನಡುವಿನ ತಿರುಳನ್ನ, ಮರಿಯಾಗಿದ್ದಾಗ ಕೂತ ಭಾಗವನ್ನ ಮಾತ್ರ ತೆಗೆದು ಅಳೆದ್ರು. ನೂರರ ಹತ್ತಿರದ ಆಯಸ್ಸು ಆಗ ಗಟ್ಟಿಯಾಯ್ತು.

ನನಗೆ ಇದಕ್ಕಿಂತ ಹಿಡಿಸಿದ್ದು ಕೊನೇ ಫೋಟೋದಲ್ಲಿರೋ ಸಂಗತಿ. ತಿರುಳಿಂದ ಹೊರಗೆ ಬರ್ತಾ ಒಂದು ಕಡೆ ಪಟ್ಟಿಗಳು ಇದ್ದಕ್ಕಿದ್ದ ಹಾಗೆ ಕಿರಿದಾಗೋದು ಕಾಣ್ತಾ ಇದೆಯಾ? ಮೀನು ಬೆಳೆಯೋದನ್ನ ನಿಧಾನ ಮಾಡಿ ಶಕ್ತಿಯನ್ನೆಲ್ಲ ಮೊಟ್ಟೆಗೋ ವೀರ್ಯಕ್ಕೋ ಹಾಕೋಕೆ ಶುರು ಮಾಡಿದ ಜಾಗ ಅದು. ಪ್ರಾಯಕ್ಕೆ ಬಂದ ಗುರುತು. ಆ ಗೆರೆವರೆಗೆ ಎಣಿಸಿದ್ರೆ ಸಂತಾನಕ್ಕೆ ಸಿದ್ಧವಾದ ವಯಸ್ಸು ಗೊತ್ತಾಗುತ್ತೆ: ಹೆಚ್ಚುಕಡಿಮೆ 30 ವರ್ಷ. ಮೀನಿನ ಇಡೀ ಆಯಸ್ಸೇ ಅಷ್ಟು ಅಂತ ಮೊದಲು ಅಂದುಕೊಂಡಿದ್ರಲ್ಲ, ಅಷ್ಟು ವರ್ಷ ಅದು ಮೊದಲ ಮೊಟ್ಟೆಗೇ ಕಾಯ್ತಿತ್ತು.

ಬಡ್ಡಿ ಅಂದುಕೊಂಡು ಅಸಲನ್ನೇ ತಿಂದಿದ್ರು. ವಯಸ್ಸಿನ ತಪ್ಪೊಂದೇ ಕಾರಣ ಅಂತ ಹೇಳೋಕಾಗಲ್ಲ. ಕಂಪನಿಗಳಿಗೆ ಅವಸರವಿತ್ತು, ಹೊಸ ಬೆಟ್ಟ ಸಿಕ್ಕಾಗ ಹಳೇದನ್ನ ಮರೆಯೋದೂ ಸುಲಭ. ಆದ್ರೆ ಬಲೆ ಮೊದಲು ಹೋಯ್ತು, ಅಳತೆ ಆಮೇಲೆ ಬಂತು. ನ್ಯೂಜಿಲೆಂಡಿನ ಪಶ್ಚಿಮಕ್ಕಿರೋ ಚಾಲೆಂಜರ್ ಪ್ರಸ್ಥಭೂಮಿಯಲ್ಲಿ 2000ದಲ್ಲಿ ಈ ಮೀನುಗಾರಿಕೆ ನಿಲ್ಲಿಸಿದ್ರು. ಆಸ್ಟ್ರೇಲಿಯಾ 2006ರಲ್ಲಿ ಆರೆಂಜ್ ರಫಿಯನ್ನ ಅಪಾಯದಲ್ಲಿರೋ ಜೀವಿಗಳ ಪಟ್ಟಿಗೆ ಸೇರಿಸ್ತು, ಅಲ್ಲಿ ವ್ಯಾಪಾರಕ್ಕೆ ಹಿಡಿಯೋ ಸಮುದ್ರ ಮೀನೊಂದು ಆ ಪಟ್ಟಿ ಸೇರಿದ್ದು ಅದೇ ಮೊದಲು. ಚಾಲೆಂಜರ್ ಮತ್ತೆ ತೆರೆದದ್ದು 2010ರಲ್ಲಿ. 1980ರ ಸುಮಾರಿಗೆ, ದೊಡ್ಡ ಬಲೆಗಳು ಇಳಿಯೋಕೆ ಶುರುವಾದ ಕಾಲದಲ್ಲಿ ಹುಟ್ಟಿದ ಮರಿಗಳು ಪ್ರಾಯಕ್ಕೆ ಬರ್ತಿದ್ದದ್ದು ಆ ಹೊತ್ತಿಗೆ.