ಬಿಜಾಪುರದ ಕೊಳವೆ, ಕೊಳಕೂರದ ಬೀಡಿ

ನಮ್ಮ ಕಲಬುರಗಿ ಸೀಮೆಯ ಮಾತಿನಲ್ಲಿ ‘ದಮ್ಮು’ ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ಬೀಡಿ ಹಚ್ಚಿದವನು ಎಳೆಯುವುದೂ ದಮ್ಮು, ಮುಪ್ಪಿನಲ್ಲಿ ಎದೆ ಕಟ್ಟಿ ಉಸಿರಿಗೆ ಒದ್ದಾಡುವುದೂ ದಮ್ಮು. ಫಾರಸಿಯಲ್ಲಿ ‘ದಮ್’ ಎಂದರೆ ಉಸಿರು. ಜೇವರ್ಗಿ ತಾಲೂಕಿನ ಕೊಳಕೂರದಂತಹ ಊರಿನಲ್ಲಿ ಸಂಜೆ ಹೊತ್ತು ಕಟ್ಟೆಯ ಮೇಲೆ ಕುಳಿತರೆ ಈ ಎರಡೂ ದಮ್ಮಿನವರು ಅಕ್ಕಪಕ್ಕದಲ್ಲೇ ಸಿಗುತ್ತಾರೆ. ಹಿರಿಯರನ್ನು ವಿಚಾರಿಸಿದರೆ, “ವಯಸ್ಸಾಗ್ಯಾದ್ರಿ, ದಮ್ಮ ಹತ್ಯಾದ. ನಸೀಬಿನ್ಯಾಗ ಇದ್ದಂಗ ಆತದ” ಎಂದು ಕೆಮ್ಮುತ್ತಲೇ ಕಿವಿಯ ಸಂದಿನ ಬೀಡಿಗೆ ಕೈ ಹಾಕುತ್ತಾರೆ.

ನಸೀಬಿನ ಲೆಕ್ಕಕ್ಕೆ ಹಾಕಿಬಿಟ್ಟ ಈ ಹೊಗೆಗೆ ಒಂದು ಇತಿಹಾಸವಿದೆ. ಅದರ ಒಂದು ಮುಖ್ಯ ಪುಟ ಪಕ್ಕದ ಬಿಜಾಪುರದಲ್ಲೇ, ಅಂದರೆ ಇಂದಿನ ವಿಜಯಪುರದಲ್ಲೇ, ತೆರೆದುಕೊಳ್ಳುತ್ತದೆ.

ತಂಬಾಕು ಅಮೆರಿಕದ ಗಿಡ. ಪೋರ್ಚುಗೀಸರ ಹಡಗುಗಳಲ್ಲಿ ಅದು ನಮ್ಮ ಪಶ್ಚಿಮ ಕರಾವಳಿಗೆ ಬಂದು, ಅಲ್ಲಿಂದ ದಖ್ಖನ್ನಿನ ಒಳನಾಡಿಗೆ ಹಬ್ಬಿತು. ಆಗ ಕಲಬುರಗಿಯ ಈ ಪ್ರದೇಶವೂ ಆದಿಲ್‌ಶಾಹಿಗಳ ಆಡಳಿತದಲ್ಲಿತ್ತು. ಎರಡನೇ ಇಬ್ರಾಹೀಂ ಆದಿಲ್ ಷಾನ ಮಗಳನ್ನು ಶಹಜಾದೆ ದಾನಿಯಾಲನಿಗೆ ವಧುವಾಗಿ ಕರೆತರಲು ಅಕ್ಬರ್ ಬಾದಷಹನು ಅಸದ್ ಬೇಗ್ ಎಂಬ ರಾಯಭಾರಿಯನ್ನು ಬಿಜಾಪುರಕ್ಕೆ ಕಳುಹಿಸಿದ್ದ. ಉತ್ತರದಲ್ಲಿ ತಾನೆಂದೂ ಕಾಣದ ತಂಬಾಕನ್ನು ಅಸದ್ ಬೇಗ್ ಅಲ್ಲಿ ಕಂಡ. 1604-05ರ ಸುಮಾರಿಗೆ ಹಿಂದಿರುಗುವಾಗ ಒಂದಿಷ್ಟು ತಂಬಾಕನ್ನೂ, ರತ್ನ ಕೂಡಿಸಿದ, ಯಮನಿನ ಅಕೀಕು ಕಲ್ಲಿನ ಬಾಯಿಯಿದ್ದ ಸೊಗಸಾದ ಒಂದು ಕೊಳವೆಯನ್ನೂ ತಂದು ಬಾದಷಹನ ಮುಂದಿಟ್ಟ.

ಆ ದಿನ ದರ್ಬಾರಿನಲ್ಲಿ ನಡೆದದ್ದನ್ನು ಅವನೇ ಬರೆದಿಟ್ಟಿದ್ದಾನೆ. ಅಕ್ಬರ್ ಕುತೂಹಲದಿಂದ ಎರಡು ಮೂರು ದಮ್ಮು ಎಳೆದ. ಹಕೀಮ ತಡೆದ. ನಮ್ಮ ವೈದ್ಯಗ್ರಂಥಗಳಲ್ಲಿ ಇದರ ಪ್ರಸ್ತಾಪವಿಲ್ಲ, ಪರೀಕ್ಷಿಸದ ವಸ್ತುವನ್ನು ಬಾದಷಹರಿಗೆ ಕೊಡುವುದು ಹೇಗೆ ಎಂಬುದು ಅವನ ಆಕ್ಷೇಪಣೆ. ಲೋಕದ ಪ್ರತಿಯೊಂದು ರೂಢಿಯೂ ಒಂದು ಕಾಲಕ್ಕೆ ಹೊಸದೇ ಆಗಿತ್ತಲ್ಲ ಎಂದು ಅಸದ್ ಬೇಗ್ ವಾದಿಸಿದ. ಬಾದಷಹನಿಗೆ ಈ ಮಾತು ಹಿಡಿಸಿತು. ಗ್ರಂಥದಲ್ಲಿಲ್ಲವೆಂದ ಮಾತ್ರಕ್ಕೆ ಹೊಸದನ್ನು ತಳ್ಳಿಹಾಕಬಾರದೆಂದು ಹೇಳಿದ. ಆದರೆ ತಾನು ಮಾತ್ರ ಆ ಚಟಕ್ಕೆ ಬೀಳಲಿಲ್ಲ. ಅಮೀರರು ಬಿದ್ದರು. ವ್ಯಾಪಾರಿಗಳು ತಂಬಾಕು ತರಿಸಿ ಮಾರತೊಡಗಿದರು.

ಬಾದಷಹನ ಮಾತು ಉದಾರವಾದದ್ದೇ. ಆದರೆ ಪರೀಕ್ಷೆ ಎಲ್ಲಿ ಎಂಬ ಹಕೀಮನ ಪ್ರಶ್ನೆಗೆ ಆ ದರ್ಬಾರಿನಲ್ಲಿ ಯಾರೂ ಉತ್ತರ ಕೊಡಲಿಲ್ಲ. 1604ರಲ್ಲೇ ಇಂಗ್ಲೆಂಡಿನ ದೊರೆ ಜೇಮ್ಸ್ ತಂಬಾಕನ್ನು ಖಂಡಿಸಿ ಪುಸ್ತಿಕೆ ಬರೆದ; ಅದರ ಮೇಲೆ ಭಾರೀ ಸುಂಕವನ್ನೂ ಹಾಕಿದ. 1617ರಲ್ಲಿ ಜಹಾಂಗೀರ್ ಧೂಮಪಾನವನ್ನು ನಿಷೇಧಿಸಿದ. 1633ರಲ್ಲಿ ತುರ್ಕಿಯ ಸುಲ್ತಾನ ನಾಲ್ಕನೇ ಮುರಾದ್ ಇನ್ನೂ ಕಠೋರ ಆಜ್ಞೆ ಹೊರಡಿಸಿದ. ಆಜ್ಞೆಗಳಿಂದ ಅದು ನಿಲ್ಲಲಿಲ್ಲ. ತಂಬಾಕು ಮನೆಮನೆಗೆ ನಡೆಯಿತು.

ಅದು ಹುಕ್ಕಾ ಆಗಿ ಬೈಠಕ್ಕುಗಳಲ್ಲಿ ಕುಳಿತಿತು. ಬಿರಾದರಿಯಿಂದ ಹೊರಹಾಕುವುದಕ್ಕೆ ಉರ್ದುವಿನಲ್ಲಿ ‘ಹುಕ್ಕಾ-ಪಾನಿ ಬಂದ್’ ಎನ್ನುವುದೇ ಅದು ಎಷ್ಟು ಆಳಕ್ಕೆ ಇಳಿದಿತ್ತೆಂಬುದಕ್ಕೆ ಸಾಕ್ಷಿ. ಚಿಲುಮೆಯಾಗಿ ಹೊಲಕ್ಕೆ ಬಂತು. ಕೊನೆಗೆ ಕಾಡಿನ ಎಲೆಯಲ್ಲಿ ಸುತ್ತಿದ ಬೀಡಿಯಾಗಿ ಬಡವನ ಜೇಬು ಸೇರಿತು. ಬೀಡಿಯ ತಂಬಾಕಿಗೆ ನಮ್ಮ ನಿಪ್ಪಾಣಿ ಹೆಸರುವಾಸಿ. ಬೀಡಿ ಕಟ್ಟುವ ಕೆಲಸಕ್ಕೆ ಆಳಂದ, ಅಫಜಲಪುರಗಳ ಗಡಿಯಾಚೆಯ ಸೊಲ್ಲಾಪುರ ಹೆಸರುವಾಸಿ. ಅಲ್ಲಿ ಸಾವಿರಾರು ಹೆಣ್ಣುಮಕ್ಕಳು ಸಾವಿರ ಬೀಡಿಗೆ ಇಷ್ಟೆಂಬ ಕೂಲಿಯ ಮೇಲೆ ತಂಬಾಕಿನ ಪುಡಿಯ ನಡುವೆ ಕುಳಿತು ಸಂಸಾರ ನಡೆಸುತ್ತಾರೆ. ಒಬ್ಬನ ಎದೆ ಸುಡುವ ಬೀಡಿ ಇನ್ನೊಬ್ಬಳ ಒಲೆ ಹೊತ್ತಿಸುತ್ತದೆ. ಬೀಡಿಯನ್ನು ಬೈದು ಸುಮ್ಮನಾಗುವವರು ಈ ಒಲೆಯನ್ನು ಮರೆಯಬಾರದು. ಆ ಹೆಣ್ಣುಮಕ್ಕಳಿಗೆ ಬೇರೆ ಕೆಲಸ ತೋರಿಸುವುದೂ ಆರೋಗ್ಯದ ಮಾತೇ.

ಹಕೀಮ ಕೇಳಿದ ಪರೀಕ್ಷೆಗೆ ಸುಮಾರು ಮುನ್ನೂರೈವತ್ತು ವರ್ಷ ಕಾಯಬೇಕಾಯಿತು. 1950ರಲ್ಲಿ ಲಂಡನ್ನಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಆಸ್ಪತ್ರೆಯ ರೋಗಿಗಳನ್ನು ವಿಚಾರಿಸಿ ಶ್ವಾಸಕೋಶದ ಕ್ಯಾನ್ಸರಿಗೂ ಧೂಮಪಾನಕ್ಕೂ ಇರುವ ನಂಟನ್ನು ತೋರಿಸಿದರು. ಡಾಲ್ ಮತ್ತು ಸಂಗಡಿಗರು ಬ್ರಿಟನ್ನಿನ ವೈದ್ಯರನ್ನೇ ಐವತ್ತು ವರ್ಷ ಗಮನಿಸಿ, ಬಿಡದೆ ಸಿಗರೇಟು ಸೇದಿದವರು ಸರಾಸರಿ ಹತ್ತು ವರ್ಷ ಮೊದಲೇ ಸಾಯುತ್ತಾರೆಂದು 2004ರಲ್ಲಿ ವರದಿ ಮಾಡಿದರು.

ಬೀಡಿ ಎಲೆಯದ್ದು, ಅಷ್ಟು ಕೆಟ್ಟದ್ದಲ್ಲ ಎಂಬ ನಂಬಿಕೆ ನಮ್ಮ ಕಡೆ ಇದೆ. ಆದರೆ 2008ರಲ್ಲಿ ಪ್ರಕಟವಾದ ಭಾರತದ ದೊಡ್ಡ ಅಧ್ಯಯನವೊಂದರ ಪ್ರಕಾರ ಬೀಡಿ ಸೇದುವ ಗಂಡಸು ಸುಮಾರು 6 ವರ್ಷ, ಹೆಂಗಸು ಸುಮಾರು 8 ವರ್ಷ ಆಯುಷ್ಯ ಕಳೆದುಕೊಳ್ಳುತ್ತಾರೆ. 2003ರಲ್ಲಿ ತಮಿಳುನಾಡಿನಿಂದ ಬಂದ ಇನ್ನೊಂದು ಅಧ್ಯಯನ, ಗಂಡಸರ ಕ್ಷಯರೋಗದ ಸಾವುಗಳಲ್ಲಿ ಅರ್ಧದಷ್ಟಕ್ಕೆ ಧೂಮಪಾನ ಕಾರಣವೆಂದಿತು. ಕ್ಯಾನ್ಸರ್ ಎಂದರೆ ಹೆದರುವ ನಾವು, ಇದೇ ಹೊಗೆ ಕ್ಷಯಕ್ಕೂ ದಾರಿ ಮಾಡಿಕೊಡುತ್ತದೆಂಬುದನ್ನು ಅರಿತಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನಲ್ಲಿ ತಂಬಾಕು ವರ್ಷಕ್ಕೆ 70 ಲಕ್ಷಕ್ಕೂ ಹೆಚ್ಚು ಜನರನ್ನು ಕೊಲ್ಲುತ್ತದೆ. ಅವರಲ್ಲಿ ತಾವು ಸೇದದೆ ಪಕ್ಕದವರ ಹೊಗೆ ಕುಡಿದು ಸತ್ತವರೂ ಇದ್ದಾರೆ. ಸೇದುವವರಲ್ಲಿ ಶೇಕಡ 80ರಷ್ಟು ಮಂದಿ ಬಡ ಹಾಗೂ ಮಧ್ಯಮ ಆದಾಯದ ದೇಶಗಳವರು. ದರ್ಬಾರಿನ ಅಮೀರರು ಹಚ್ಚಿದ್ದನ್ನು ಇಂದು ಕೂಲಿಕಾರರು ಸೇದಿ ಮುಗಿಸುತ್ತಿದ್ದಾರೆ.

ಕಾನೂನುಗಳು ಬಂದಿವೆ. 2003ರ ಕೇಂದ್ರ ಕಾಯ್ದೆಯಿದೆ, 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನಕ್ಕೆ ತಡೆಯಿದೆ. ಕರ್ನಾಟಕವು 2025ರಲ್ಲಿ ತಂಬಾಕು ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿ, ಹುಕ್ಕಾ ಬಾರುಗಳನ್ನೂ ನಿಷೇಧಿಸಿತು. ಆದರೆ ಜಹಾಂಗೀರನ ಆಜ್ಞೆಯ ಗತಿಯನ್ನು ಕಂಡವರಿಗೆ ಗೊತ್ತು, ಕಟ್ಟೆಯ ಮೇಲಿನ ಮನಸ್ಸು ಬದಲಾಗದೆ ಕಾಗದ ಕೆಲಸ ಮಾಡುವುದಿಲ್ಲ.

ಆ ಹಿರಿಯರಿಗೆ ನಾವು ತಿಳಿಸಬೇಕಾದ ಒಂದು ಮಾತು ಡಾಲ್ ಅವರ ವರದಿಯಲ್ಲೇ ಇದೆ. ಮೂವತ್ತರಲ್ಲಿ ಬಿಟ್ಟವರು ಹೋಗಬಹುದಾಗಿದ್ದ ಹತ್ತು ವರ್ಷಗಳನ್ನು ಹೆಚ್ಚುಕಡಿಮೆ ಪೂರ್ತಿ ಉಳಿಸಿಕೊಂಡರು. ಐವತ್ತರಲ್ಲಿ ಬಿಟ್ಟವರು ಆರು ವರ್ಷ, ಅರವತ್ತರಲ್ಲಿ ಬಿಟ್ಟವರು ಮೂರು ವರ್ಷ. ಮೂರು ವರ್ಷವೆಂದರೆ ಮೊಮ್ಮಗಳ ಮದುವೆ ನೋಡುವಷ್ಟು ಕಾಲ. ಅದನ್ನು ನಸೀಬಿನ ಮೇಲೆ ಹಾಕುವ ಮೊದಲು ಕಿವಿಯ ಸಂದಿನ ಬೀಡಿಯನ್ನೊಮ್ಮೆ ತೆಗೆದು ಕೆಳಗಿಡಬಹುದಲ್ಲ.