ಸುಲಿದ ಚರ್ಮದ ಲೆಕ್ಕ

ಚರ್ಮ ಸುಲಿಯೋದು ನಮಗೆ ಹೊಸದಲ್ಲ. ಸತ್ತ ದನದ ಚರ್ಮ ಸುಲಿದೆವೆಂದು ಊರು ನಮ್ಮನ್ನು ಹೊರಗಿಟ್ಟಿತು. ಇವತ್ತು ಇಂದಿರಾನಗರದ ತಣ್ಣನೆ ಕೋಣೆಗಳಲ್ಲಿ ಬದುಕಿರುವವರ ಮುಖಕ್ಕೇ ಆಮ್ಲ ಹಚ್ಚಿ ಸುಲಿಯುತ್ತಾರೆ. ಅದಕ್ಕೆ ಮೈಲಿಗೆಯಿಲ್ಲ, ಫೀಸಿದೆ. ಹೆಸರು ಕೆಮಿಕಲ್ ಪೀಲ್. ನಮ್ಮ ಕೇರಿಯ ಹೆಣ್ಣುಮಕ್ಕಳೂ ಮದುವೆಗೆ ಮುಂಚೆ ದುಡ್ಡು ಹೊಂದಿಸಿಕೊಂಡು ಹೋಗುತ್ತಿದ್ದಾರೆ. ಅದಕ್ಕೇ ಇದರ ಚರಿತ್ರೆ ನಮಗೆ ಬೇಕು.

1809ರಲ್ಲಿ ಇಂಗ್ಲಿಷರ ದಂಡು ಇಲ್ಲಿ ಬೀಡುಬಿಟ್ಟಿತು. ಇಂದಿನ ಶಿವಾಜಿನಗರ ಆಗ ಬ್ಲಾಕ್‌ಪಲ್ಲಿ. ಬಿಳಿ ಅಕ್ಕಿ ಬೆಳೆಯುತ್ತಿದ್ದ ಹಳ್ಳಿಯ ಹೆಸರೇ ದೊರೆಗಳ ಬಾಯಲ್ಲಿ ಹಾಗಾಯಿತು ಅಂತಾರೆ. ಬ್ಲಾಕಿಸ್ಟನ್ ಎಂಬ ದೊರೆಯ ಹೆಸರದು ಅನ್ನುವವರೂ ಇದ್ದಾರೆ. ಯಾವುದೇ ನಿಜವಿರಲಿ, ಬಿಳಿಯರಿಗೆ ಬಂಗಲೆ, ಕರಿಯರಿಗೆ ಇಕ್ಕಟ್ಟಿನ ಪೇಟೆ. ಕಂಟೋನ್ಮೆಂಟು ಬಣ್ಣ ನೋಡಿಯೇ ಜಾಗ ಹಂಚಿತು.

1882ರಲ್ಲಿ ಹ್ಯಾಂಬರ್ಗಿನ ಉನ್ನಾ ಎಂಬ ವೈದ್ಯ ಸ್ಯಾಲಿಸಿಲಿಕ್ ಆಮ್ಲ, ಫೀನಾಲ್‌ಗಳಿಂದ ಚರ್ಮ ಸುಲಿಯುವ ಬಗೆ ಬರೆದಿಟ್ಟ. ಅದು ಕಾಯಿಲೆಗೆ ಮದ್ದು. 1975ರಲ್ಲಿ ನಮ್ಮ ದೇಶದ ಅಂಗಡಿಗಳಿಗೆ ಫೇರ್ ಅಂಡ್ ಲವ್ಲಿ ಬಂತು. ಅದೇ ವರ್ಷ ಅಮೆರಿಕದ ಫಿಟ್ಜ್‌ಪ್ಯಾಟ್ರಿಕ್ ಎಂಬ ವೈದ್ಯ ಬಿಸಿಲಿಗೆ ಚರ್ಮ ಹೇಗೆ ಸುಡುತ್ತದೆಂದು ಪಟ್ಟಿ ಮಾಡಿದ. ಅದರಲ್ಲಿ ಮೊದಲಿದ್ದದ್ದು ಬಿಳಿ ಚರ್ಮ. ಕಂದು, ಕಪ್ಪು ಆಮೇಲೆ ಸೇರಿದವು. ಅಲ್ಲೂ ನಾವು ಕೊನೆಯ ಪಂಕ್ತಿ! 2020ರಲ್ಲಿ ಆ ಕ್ರೀಮಿನ ಹೆಸರಿಂದ 'ಫೇರ್' ಹೋಯಿತು. ಬಿಳಿಯ ಆಸೆ ಹೋಯಿತೆ?

ಪೀಲ್ ಎಲ್ಲಾ ಕೆಟ್ಟದ್ದಲ್ಲ. ಮೊಡವೆ ಕಲೆ, ಬಂಗು ಇದ್ದವರಿಗೆ ತಿಳಿದ ವೈದ್ಯರ ಕೈಯಲ್ಲಿ ಮೆದುವಾದ ಪೀಲ್ ಗುಣ ಕೊಡುತ್ತದೆ. ಆದರೆ ಕಪ್ಪು ಚರ್ಮ ಸುಟ್ಟರೆ ಅಲ್ಲೇ ಬಣ್ಣ ಹೆಚ್ಚು ಹುಟ್ಟಿಸುತ್ತದೆ. ಬೆಳ್ಳಗಾಗಲು ಹೋದವಳ ಮುಖದಲ್ಲಿ ತಿಂಗಳುಗಟ್ಟಲೆ ಕರಿ ಕಲೆ. ಕೆಲವರಿಗೆ ಬಿಳಿ ಮಚ್ಚೆ, ಗಾಯದ ಗುರುತು, ಬಾಯಿ ಸುತ್ತ ಸರ್ಪಸುತ್ತಿನ ಜಾತಿಯ ನೀರ್ಗುಳ್ಳೆ. ಆಳಕ್ಕೆ ಇಳಿಯುವ ಫೀನಾಲ್ ಗುಂಡಿಗೆಯ ಬಡಿತವನ್ನೇ ಕೆಡಿಸಬಲ್ಲದು. ಬಸಿರಿಯರು, ಮೊಡವೆಗೆ ಮಾತ್ರೆ ನುಂಗುತ್ತಿರುವವರು ಮೊದಲೇ ವೈದ್ಯರಿಗೆ ಹೇಳಬೇಕು. ಬ್ಯೂಟಿ ಪಾರ್ಲರಿನಲ್ಲಿ, ಮನೆಯಲ್ಲಿ ಬಾಟಲಿ ತಂದು ಮಾಡಿಕೊಳ್ಳುವುದಂತೂ ಬೇಡವೇ ಬೇಡ.

ಮಾಡಿಸಿಕೊಂಡವರು ಏಳುವ ಸಿಪ್ಪೆಯನ್ನು ಕೀಳಬಾರದು. ತಾನಾಗಿ ಉದುರಲಿ. ತಣ್ಣೀರಲ್ಲಿ ಮೆತ್ತಗೆ ತೊಳೆದು, ವೈದ್ಯರು ಹೇಳಿದ ಮುಲಾಮು ಹಚ್ಚಬೇಕು. ವಾಸಿಯಾಗುವ ತನಕ ಬ್ಲೀಚು, ತ್ರೆಡಿಂಗು, ಉಜ್ಜಾಟ ಬೇಡ. ಗುಳ್ಳೆ, ಕೀವು, ಹೆಚ್ಚುವ ಉರಿ ಕಂಡರೆ ಅವತ್ತೇ ವೈದ್ಯರಲ್ಲಿಗೆ ಓಡಬೇಕು. ಎಲ್ಲಕ್ಕಿಂತ ದೊಡ್ಡ ಪಥ್ಯ: ಬಿಸಿಲಿಗೆ ಹೋಗಬೇಡಿ.

ಈ ಮಾತು ಯಾರಿಗೆ ಹೇಳಿದ್ದು? ಹಲಸೂರಿನ ಬೀದಿ ಗುಡಿಸುವವಳಿಗೆ, ಕೆ.ಆರ್. ಪುರದಲ್ಲಿ ಗಾರೆ ಹೊರುವವಳಿಗೆ ನೆರಳನ್ನು ಯಾವ ಚೀಟಿಯಲ್ಲಿ ಬರೆದುಕೊಡುತ್ತಾರೆ? ಆಮ್ಲ ಎಲ್ಲರಿಗೂ ಒಂದೇ, ಪಥ್ಯ ಮಾತ್ರ ಕೂತು ಉಣ್ಣುವವರದು. ಬಿಸಿಲಲ್ಲಿ ದುಡಿಯುವ ಮೈಗೆ ಪೀಲ್ ಎಂದರೆ ದುಡ್ಡು ಕೊಟ್ಟು ಕೊಂಡ ಗಾಯ.

ಚರ್ಮಕ್ಕೆ ಕಾಯಿಲೆ ಬಂದರೆ ಶಿವಾಜಿನಗರದಲ್ಲಿ ಬೌರಿಂಗ್ ಆಸ್ಪತ್ರೆಯಿದೆ, ಹೋಗಿ ತೋರಿಸೋಣ. ಕಪ್ಪು ಕಾಯಿಲೆಯಲ್ಲ ತಂಗೀ, ಅದಕ್ಕೆ ಮದ್ದು ಕೇಳಬೇಡ.