ಮಸಾಲಿ ಖಾರ (ಬೀದರ, ಭಾಲ್ಕಿ, ಔರಾದ)

ಮಸಾಲಿ ಖಾರ: ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಒಣಕೊಬ್ಬರಿ, ಎಳ್ಳು, ಜೀರಿಗೆಗಳ ಜೊತೆಗೆ ಹತ್ತಾರು ಬಗೆಯ ಗರಂ ಸಾಮಾನು ಸೇರಿಸಿ, ಒಂದೊಂದನ್ನೂ ಬೇರೆಯಾಗಿ ಹುರಿದು, ಕೂಡಿಸಿ ಕುಟ್ಟಿ, ತಿಂಗಳುಗಟ್ಟಲೆ ಬಳಸಲು ತುಂಬಿಟ್ಟುಕೊಳ್ಳುವ ಮನೆಯ ಪುಡಿ. ಉತ್ತರ ಕರ್ನಾಟಕದ ಉದ್ದಕ್ಕೂ ಇದರ ರೂಪಗಳಿವೆ. ಇಲ್ಲಿ ಹೇಳಹೊರಟಿರುವುದು ರಾಜ್ಯದ ಬಡಗಣ ತುದಿಯ ಬೀದರ ನಗರ, ಭಾಲ್ಕಿ ಮತ್ತು ಔರಾದ ಸೀಮೆಯ ಮಾತು. ಔರಾದದಿಂದ ಹೊರಟರೆ ನಾಂದೇಡ ಜಿಲ್ಲೆಯ ದೇಗಲೂರು, ಭಾಲ್ಕಿಯಿಂದ ಲಾತೂರ ಜಿಲ್ಲೆಯ ಉದಗೀರ, ಬೀದರದಿಂದ ತೆಲಂಗಾಣದ ಜಹೀರಾಬಾದ್ ಕೈಗೆಟಕುವ ದೂರದಲ್ಲಿವೆ. 1956ರ ನವೆಂಬರ್ 1ರವರೆಗೆ ಇದೆಲ್ಲ ಹೈದರಾಬಾದ್ ಎಂಬ ಒಂದೇ ರಾಜ್ಯ. ಗಡಿಗೆರೆ ಎಳೆದದ್ದು ನಕ್ಷೆಯ ಮೇಲೆ. ಒಲೆಯ ಮೇಲಿನ ಬಾಣಲೆಯಲ್ಲಿ ಕನ್ನಡ, ಮರಾಠಿ, ದಖನಿ, ತೆಲುಗು ಇಂದಿಗೂ ಒಟ್ಟಿಗೇ ಹುರಿಯುತ್ತವೆ. ಸಾಮಾನಿನ ಪಟ್ಟಿ ಎಲ್ಲರದೂ ಹೆಚ್ಚುಕಡಿಮೆ ಒಂದೇ. ಮನೆಯಿಂದ ಮನೆಗೆ ಬೇರೆಯಾಗುವುದು ಹುರಿತ: ಯಾವುದನ್ನು, ಎಷ್ಟು ಹೊತ್ತು, ಯಾವುದರ ನಂತರ.

ಹೆಸರು

‘ಖಾರ’ ಎಂಬುದು ಸಂಸ್ಕೃತದ ‘ಕ್ಷಾರ’ದಿಂದ ಬಂದ ಶಬ್ದ. ಮೂಲದಲ್ಲಿ ಸವಳಿನ, ಬೂದಿನೀರಿನ ಗುಣವನ್ನು ಹೇಳುತ್ತಿದ್ದದ್ದು ಕನ್ನಡದಲ್ಲಿ ನಾಲಿಗೆ ಉರಿಯುವ ರುಚಿಗೆ ಅಂಟಿಕೊಂಡಿತು. ಉತ್ತರ ಕರ್ನಾಟಕದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಅದು ವಸ್ತುವಿನ ಹೆಸರೇ ಆಯಿತು. ‘ಪಾವ್ ಕಿಲೋ ಖಾರ ಕೊಡ್ರಿ’ ಎಂದರೆ ಅಂಗಡಿಯವರು ಮೆಣಸಿನಪುಡಿಯನ್ನೇ ತೂಗುತ್ತಾರೆ. ‘ಮಸಾಲೆ’ ಅರಬ್ಬಿಯ ‘ಮಸಾಲಿಹ್’ ಎಂಬುದರಿಂದ ಪಾರಸಿಯ ಮೂಲಕ ಬಂದದ್ದು. ಬೇಕಾಗುವ ಸಾಮಗ್ರಿ ಎಂಬುದು ಅಲ್ಲಿಯ ಅರ್ಥ. ಪಾರಸಿಯನ್ನು ಆಸ್ಥಾನದ ಭಾಷೆಯಾಗಿ ಉಳ್ಳ ಬಹಮನಿ ಸುಲ್ತಾನರ ರಾಜಧಾನಿಯಲ್ಲಿ ಕ್ಷಾರವೂ ಮಸಾಲಿಹ್ ಕೂಡಿ ‘ಮಸಾಲಿ ಖಾರ’ ಆದದ್ದು ಈ ನೆಲಕ್ಕೆ ಒಪ್ಪುವ ಸಂಗತಿ. ಔರಾದ ಕಡೆಯ ಮರಾಠಿ ಮನೆಗಳಲ್ಲಿ ಕಡುವಾಗಿ ಹುರಿದ ರೂಪಕ್ಕೆ ‘ಕಾಳಾ ಮಸಾಲಾ’ ಎನ್ನುತ್ತಾರೆ. ಕಾಳಾ ಎಂದರೆ ಕಪ್ಪು.

ಮೆಣಸಿಗಿಂತ ಮುಂಚೆ

1422ರಿಂದ 1436ರವರೆಗೆ ಆಳಿದ ಒಂದನೆಯ ಅಹಮದ್ ಷಾ ಗುಲಬರ್ಗಾದಿಂದ ರಾಜಧಾನಿಯನ್ನು ಬೀದರಕ್ಕೆ ತಂದಾಗ ಕೋಟೆಯ ಅಡುಗೆಮನೆಯಲ್ಲಿ ಒಂದೇ ಒಂದು ಮೆಣಸಿನಕಾಯಿಯೂ ಇರಲಿಲ್ಲ. 1472ರಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನ್ ತನ್ನ ಮದರಸಾ ಕಟ್ಟಿಸಿದಾಗಲೂ ಇರಲಿಲ್ಲ. ಅದೇ ದಶಕದ ಆಸುಪಾಸಿನಲ್ಲಿ ಬೀದರದಲ್ಲಿ ತಂಗಿದ್ದ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್ ಇಲ್ಲಿ ಏನನ್ನೇ ಉಂಡಿರಲಿ, ಅದಕ್ಕೆ ಉರಿ ಕೊಟ್ಟದ್ದು ಕಾಳುಮೆಣಸು, ಹಿಪ್ಪಲಿ, ಶುಂಠಿ, ಸಾಸಿವೆಗಳು. ಮೆಣಸಿನಕಾಯಿಯ ತವರು ಮೆಕ್ಸಿಕೊ. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದ ಬಳಿಕ, ಅದೇ ಶತಮಾನದಲ್ಲಿ ಅದು ಪಡುವಣ ಕರಾವಳಿಗೆ ಇಳಿದು ಒಳನಾಡಿಗೆ ಹಬ್ಬಿತು. ಕನ್ನಡಿಗರು ಹೊಸ ಕಾಯಿಗೆ ಹೊಸ ಹೆಸರು ಹುಡುಕಲಿಲ್ಲ. ಉರಿಯುವ ಗುಣದಲ್ಲಿ ಅದು ಮೆಣಸಿನಂತೆಯೇ ಇತ್ತು, ಕಾಳಿನ ಬದಲು ಕಾಯಿಯಾಗಿತ್ತು, ಹಾಗಾಗಿ ಮೆಣಸಿನಕಾಯಿ. ಕೊನೆಗೆ ಹಳೆಯ ಮೆಣಸೇ ‘ಕರಿಮೆಣಸು’, ‘ಕಾಳುಮೆಣಸು’ ಎಂದು ವಿಶೇಷಣ ಹಚ್ಚಿಕೊಂಡು ಬದುಕಬೇಕಾಯಿತು.

ಹಳೆಯ ಉರಿಯಾದ ಶುಂಠಿ ಮಾತ್ರ ಈ ಜಿಲ್ಲೆಯನ್ನು ಬಿಟ್ಟುಹೋಗಲಿಲ್ಲ. ಬೀದರದ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಅದು ಇಂದಿಗೂ ಬೆಳೆ. ಕಿರು ಆಹಾರ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಬೀದರ ಜಿಲ್ಲೆಯ ಉತ್ಪನ್ನವಾಗಿ ಆಯ್ಕೆಯಾದದ್ದೂ ಶುಂಠಿಯೇ. ಆದರೂ ಮಸಾಲಿ ಖಾರಕ್ಕೆ ಒಣಶುಂಠಿ ಬೀಳುವುದು ಬೆರಳುದ್ದ ಮಾತ್ರ. ಹಸಿಶುಂಠಿಯನ್ನು ಬಳ್ಳೊಳ್ಳಿಯ ಜೊತೆ ಅರೆದು ಅಡುಗೆಯ ಹೊತ್ತಿನಲ್ಲೇ ಹಾಕುತ್ತಾರೆ.

ಸಾಮಾನು

ಬಣ್ಣಕ್ಕೆ ಬ್ಯಾಡಗಿ, ಉರಿಗೆ ಗುಂಟೂರು. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಅದರಲ್ಲಿ ಸಣಕಲಾದ ‘ಕಡ್ಡಿ’, ದುಂಡನೆಯ ‘ಡಬ್ಬಿ’ ಎಂದು ಎರಡು ಬಗೆ. ಸುಕ್ಕುಗಟ್ಟಿದ ಆ ಸಿಪ್ಪೆಯಲ್ಲಿರುವ ಕ್ಯಾಪ್ಸಾಂಥಿನ್ ಎಂಬ ವರ್ಣದ್ರವ್ಯ ಸಾರಿನ ಮೇಲೆ ಕೆಂಪೆಣ್ಣೆಯಾಗಿ ತೇಲುತ್ತದೆ. ಉರಿಯನ್ನು ಕೊಡುವ ಕ್ಯಾಪ್ಸೈಸಿನ್ ಹುಟ್ಟುವುದು ಬೀಜದಲ್ಲಲ್ಲ, ಬೀಜ ಹಿಡಿದುಕೊಂಡ ಬಿಳಿಯ ಪೊರೆಯಲ್ಲಿ. ಖಾರ ಕಡಿಮೆ ಬೇಕೆಂದು ಬೀಜ ಉದುರಿಸುವವರಿಗೆ ಫಲ ಸಿಗುವುದು ಬೀಜದ ಜೊತೆ ಪೊರೆಯೂ ಬಿದ್ದುಹೋಗುವುದರಿಂದ.

ಗರಂ ಸಾಮಾನಿನಲ್ಲಿ ಲವಂಗ, ದಾಲ್ಚಿನ್ನಿ, ಯಾಲಕ್ಕಿ, ದೊಡ್ಡ ಯಾಲಕ್ಕಿ, ಶಾಹಜೀರಾ, ಚಕ್ರಮೊಗ್ಗು, ಜಾಯಿಪತ್ರಿ, ತಮಾಲಪತ್ರ, ನಾಗಕೇಸರ, ಕಾಳುಮೆಣಸು ಇರುತ್ತವೆ. ಇವೆಲ್ಲಕ್ಕಿಂತ ಈ ಸೀಮೆಯ ಮಸಾಲೆಯ ಗುರುತು ಹಿಡಿಸುವುದು ದಗಡಫೂಲ. ದಕ್ಷಿಣದಲ್ಲಿ ಕಲ್ಲುಹೂ ಎನ್ನುತ್ತಾರೆ. ಹೆಸರಲ್ಲಿ ಹೂವಿದ್ದರೂ ಇದು ಹೂವಲ್ಲ; ಶಿಲೀಂಧ್ರವೂ ಪಾಚಿಯೂ ಒಂದಾಗಿ ಬಾಳುವ ಕಲ್ಲುಹಾವಸೆ. ಹಸಿಯಾಗಿ ಮೂಸಿದರೆ ಒಣಮಣ್ಣಿನ ವಾಸನೆ. ಬಿಸಿ ಎಣ್ಣೆಗೆ ಬಿದ್ದ ಕ್ಷಣದಲ್ಲೇ ಹೊಗೆಯಂತಹ, ಕಾಡಿನಂತಹ ಒಂದು ಗಂಧ ಏಳುತ್ತದೆ. ಅದಿಲ್ಲದ ಕಾಳಾ ಮಸಾಲೆಯನ್ನು ಕಣ್ಣುಮುಚ್ಚಿಕೊಂಡೂ ಹೇಳಿಬಿಡಬಹುದು.

ಬೀದರದ ಉಸ್ಮಾನ್ ಗಂಜಿನಂಥ ಪೇಟೆಯಲ್ಲಿ ಈ ಸಾಮಾನು ಬಿಡಿಯಾಗಿ ಸಿಗುತ್ತದೆ. ಹಿರಿಯರು ಗರಂ ಸಾಮಾನಿನ ಲೆಕ್ಕವನ್ನು ತೊಲದಲ್ಲೇ ಹೇಳುವುದುಂಟು. ಒಂದು ತೊಲ ಎಂದರೆ ಸುಮಾರು 11.66 ಗ್ರಾಂ. ಮಾದರಿಗೆ ಒಂದು ಅಳತೆ: ಬ್ಯಾಡಗಿ 750 ಗ್ರಾಂ, ಗುಂಟೂರು 250 ಗ್ರಾಂ, ಕೊತ್ತಂಬರಿ ಬೀಜ 500 ಗ್ರಾಂ, ಒಣಕೊಬ್ಬರಿ 250 ಗ್ರಾಂ, ಎಳ್ಳು ಮತ್ತು ಜೀರಿಗೆ ತಲಾ 100 ಗ್ರಾಂ, ಗಸಗಸೆ 50 ಗ್ರಾಂ, ಅರಿಷಿಣ ಕೊಂಬು 50 ಗ್ರಾಂ, ದಾಲ್ಚಿನ್ನಿ ಮತ್ತು ದಗಡಫೂಲ ತಲಾ ಎರಡು ತೊಲ, ಉಳಿದ ಗರಂ ಸಾಮಾನು ತಲಾ ಒಂದು ತೊಲ, ಕಡಲೆಗಾತ್ರದ ಇಂಗು, ಒಂದು ಹಿಡಿ ಕಲ್ಲುಪ್ಪು. ಮಾಂಸದ ಅಡುಗೆ ಹೆಚ್ಚಿರುವ ಮನೆ ಲವಂಗ, ಮೆಣಸನ್ನು ಏರಿಸಿಕೊಳ್ಳುತ್ತದೆ. ಕಾಯಿಪಲ್ಯದ ಮನೆ ಎಳ್ಳು, ಕೊಬ್ಬರಿಯನ್ನು.

ಹುರಿತ

ಕೆಲಸದ ಕಾಲ ಬೇಸಿಗೆ. ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ಮಾಳಗಿಯ ಮೇಲೆ ಮೆಣಸಿನಕಾಯಿ ಹರವಿ, ಅಲುಗಿಸಿದರೆ ಬೀಜ ಗಲಗಲ ಎನ್ನುವವರೆಗೆ ಒಣಗಿಸಬೇಕು. ತೊಟ್ಟು ಮುರಿಯುವುದು ಆಮೇಲೆ. ಜೂನ್ ಮೊದಲ ವಾರ ದಾಟಿದರೆ ಮಿರಗದ ಮಳೆ; ಗಾಳಿಯಲ್ಲಿ ತೇವ ಬಂದ ಮೇಲೆ ಕುಟ್ಟಿದ ಖಾರ ಗಂಟು ಕಟ್ಟುತ್ತದೆ.

ಎಲ್ಲವನ್ನೂ ಒಂದೇ ಸಲ ಬಾಣಲೆಗೆ ಸುರಿದು ಹುರಿಯುವುದೇ ಈ ಕೆಲಸದಲ್ಲಿ ಆಗುವ ದೊಡ್ಡ ತಪ್ಪು. ಕೊತ್ತಂಬರಿ ಬೀಜಕ್ಕೆ ಸಣ್ಣ ಉರಿ, ನಿಧಾನ. ಒಳಗಿನ ಲಿನಲೂಲ್ ಎಂಬ ಸುಗಂಧ ತೈಲ ಆವಿಯಾಗಿ ಹೋಗುವ ಮುನ್ನ, ಬೀಜ ಹೊಂಬಣ್ಣಕ್ಕೆ ತಿರುಗಿದೊಡನೆ ಇಳಿಸಬೇಕು. ಎಳ್ಳು ಚಟಪಟ ಸಿಡಿಯಲು ತೊಡಗಿದರೆ ಸಾಕು. ಗಸಗಸೆಗೆ ಬಾಣಲೆಯ ಉಳಿದ ಬಿಸಿಯೇ ಸಾಕಾಗುತ್ತದೆ. ಕೊಬ್ಬರಿಯನ್ನು ತೆಳ್ಳಗೆ ಹೆರೆದು ಕಂದು ಬಣ್ಣಕ್ಕೆ ತರಬೇಕು. ಅದರಲ್ಲಿ ಎಣ್ಣೆ ತುಂಬಿರುವುದರಿಂದ ಕಂದಿನಿಂದ ಕರಿಗೆ ಹೋಗಲು ಕಣ್ಣೆವೆ ಇಕ್ಕುವಷ್ಟೇ ಹೊತ್ತು. ಗರಂ ಸಾಮಾನಿಗೆ ಒಂದು ಚಮಚ ಶೇಂಗಾ ಎಣ್ಣೆಯೋ ಕುಸುಬಿ ಎಣ್ಣೆಯೋ ಬೇಕು: ಮೊದಲು ದಾಲ್ಚಿನ್ನಿ, ಅದು ಬಿಸಿಯಾದ ಮೇಲೆ ಯಾಲಕ್ಕಿ, ಲವಂಗ, ಲವಂಗ ಉಬ್ಬಿದಾಗ ತಮಾಲಪತ್ರ, ಕಟ್ಟಕಡೆಗೆ ದಗಡಫೂಲ. ಮೆಣಸಿನಕಾಯಿ ಎಲ್ಲದರ ನಂತರ, ಬಾಗಿಲು ಕಿಟಕಿ ತೆರೆದಿಟ್ಟು. ಅದರ ಘಾಟು ಅಕ್ಕಪಕ್ಕದ ಮನೆಗಳಿಗೂ ಸುದ್ದಿ ಮುಟ್ಟಿಸುತ್ತದೆ.

ಕೆಂಪು ಮಸಾಲೆ ಮತ್ತು ಕರಿ ಮಸಾಲೆಗಳ ನಡುವಿನ ಅಂತರ ಇಲ್ಲಿಯೇ ಹುಟ್ಟುವುದು. ಬೀದರ ನಗರದ ಬಹಳ ಮನೆಗಳಲ್ಲಿ ಕೊಬ್ಬರಿ, ಕೊತ್ತಂಬರಿ ತಿಳಿಗಂದಿಗೆ ನಿಲ್ಲುತ್ತವೆ, ಬಣ್ಣವೆಲ್ಲ ಬ್ಯಾಡಗಿಯದು. ಔರಾದದ ಕಡೆಗೆ ಹೋದಂತೆ ಹುರಿತ ಕಡುವಾಗುತ್ತದೆ. ಪ್ರೋಟೀನೂ ಸಕ್ಕರೆಯೂ ಬಿಸಿಯಲ್ಲಿ ಕೂಡಿ ಕಂದಾಗುವ ಆ ಕ್ರಿಯೆಯಿಂದ ಹುರಿದ ಕಡಲೆಯನ್ನು ನೆನಪಿಸುವ ಆಳವಾದ ರುಚಿ ಬರುತ್ತದೆ. ಅದನ್ನು ದಾಟಿ ಒಂದು ನಿಮಿಷ ಹೆಚ್ಚಾದರೆ ಉಳಿಯುವುದು ಕಹಿ. ಆ ಕಹಿಯನ್ನು ಬೆಲ್ಲ, ಹುಣಸೆ ಯಾವುದೂ ತೆಗೆಯಲಾರದು. ಹೊತ್ತಿದ ಸಾಮಾನನ್ನು ಚೆಲ್ಲಿ ಆ ಒಂದನ್ನೇ ಮತ್ತೆ ಹುರಿಯುವುದು ಲೇಸು. ಬೇರೆಬೇರೆ ಹುರಿಯುವ ಪದ್ಧತಿಯ ದೊಡ್ಡ ಉಪಕಾರವೇ ಇದು: ನಷ್ಟವಾದರೆ ಒಂದು ಸಾಮಾನಿನದು, ಇಡೀ ವರ್ಷದ್ದಲ್ಲ.

ಉಳ್ಳಾಗಡ್ಡಿ, ಬಳ್ಳೊಳ್ಳಿ ಸೇರಿಸುವವರು ಉಳ್ಳಾಗಡ್ಡಿಯನ್ನು ಸಣ್ಣಗೆ ಹೆಚ್ಚಿ ಎರಡು ಮೂರು ದಿನ ಬಿಸಿಲಿಗಿಟ್ಟು, ಎಣ್ಣೆಯಲ್ಲಿ ಗರಿಗರಿಯಾಗುವಂತೆ ಕರಿದು ಬೆರೆಸುತ್ತಾರೆ. ಇದರ ರುಚಿ ಬೇರೆಯೇ, ಆದರೆ ಆಯಸ್ಸು ಕಡಿಮೆ. ವರ್ಷದ ಭರಣಿಯನ್ನು ಒಣದಾಗಿಯೇ ಇಟ್ಟು, ಅದರಿಂದ ಎರಡು ತಿಂಗಳಿಗಾಗುವಷ್ಟು ತೆಗೆದು ಉಳ್ಳಾಗಡ್ಡಿ ಕೂಡಿಸಿಕೊಳ್ಳುವುದು ಜಾಣತನ.

ಕುಟ್ಟುವುದು, ಇಡುವುದು

ಒರಳು ಒನಕೆಗಳ ಕೆಲಸ ಈಗ ಬಹುಮಟ್ಟಿಗೆ ಗಿರಣಿಯದು. ಗಿರಣಿಯಲ್ಲೂ ಎರಡು ಬಗೆ: ಕಬ್ಬಿಣದ ಒನಕೆಗಳು ಏರಿಳಿದು ಕುಟ್ಟುವ ಯಂತ್ರ, ತಿರುಗಿ ಬೀಸುವ ಚಕ್ಕಿ. ಬೀಸುವಾಗ ಪುಡಿ ಬಿಸಿಯೇರಿ ಹಗುರವಾದ ತೈಲಗಳು ಹಾರಿಹೋಗುತ್ತವೆ; ಕುಟ್ಟಿದ್ದು ತಣ್ಣಗಿದ್ದು ಸ್ವಲ್ಪ ತರಿಯಾಗಿರುತ್ತದೆ. ಕುಟ್ಟುವ ಯಂತ್ರದ ಮುಂದೆ ಪಾಳಿ ಹಚ್ಚಿ ಕಾಯುವುದು ಸಾರ್ಥಕ. ಯಾವುದರಿಂದ ಬಂದರೂ ಪುಡಿಯನ್ನು ಬಟ್ಟೆಯ ಮೇಲೆ ಹರವಿ ಪೂರ್ತಿ ಆರಿಸಿಯೇ ತುಂಬಬೇಕು.

ಚೀನಿ ಭರಣಿಯ ತಳಕ್ಕೆ ಉಪ್ಪು, ನಡುನಡುವೆ ಇಂಗಿನ ಚೂರು, ಮೇಲೆ ಬಿಗಿದು ಕಟ್ಟಿದ ಬಟ್ಟೆ, ಅದರ ಮೇಲೆ ಮುಚ್ಚಳ. ನಿತ್ಯದ ಬಳಕೆಗೆ ಸಣ್ಣ ಡಬ್ಬಿ ಬೇರೆ. ದೊಡ್ಡ ಭರಣಿಗೆ ಹಸಿ ಕೈ, ಹಸಿ ಚಮಚ ತಾಗಬಾರದು. ಇದನ್ನು ಮಡಿ ಎಂದು ತಳ್ಳಿಹಾಕುವಂತಿಲ್ಲ. ತೇವ ಹೊಕ್ಕ ಮೆಣಸಿನಪುಡಿಯಲ್ಲಿ ಬೆಳೆಯುವ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಸ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಅದು ಯಕೃತ್ತಿಗೆ ಕೆಟ್ಟದ್ದು, ಅಡುಗೆಯ ಬಿಸಿಗೆ ಪೂರ್ತಿ ಅಳಿಯದು. ಬೂಸ್ಟು ಕಂಡ ಖಾರವನ್ನು ಮೇಲ್ಭಾಗ ತೆಗೆದು ಬಳಸದೆ ಇಡಿಯಾಗಿ ಚೆಲ್ಲಬೇಕು.

ನೆರೆಯ ಬಂಧುಗಳು

ಗಡಿಯಾಚೆಯ ಮರಾಠವಾಡದಲ್ಲಿ ‘ಯೇಸರ’ ಎಂಬುದೊಂದಿದೆ. ಇದರಲ್ಲಿ ಗರಂ ಸಾಮಾನಿನ ಜೊತೆ ಗೋಧಿ, ಕಡಲೆಬೇಳೆಯಂಥ ಧಾನ್ಯವನ್ನೂ ಹುರಿದು ಬೀಸುತ್ತಾರೆ. ನೀರಿಗೆ ಕದಡಿ ಕುದಿಸಿದರೆ ಸಾರು ತಾನಾಗಿಯೇ ಮಂದವಾಗುತ್ತದೆ. ದಖನಿ ಮುಸ್ಲಿಂ ಅಡುಗೆಯ ನಹಾರಿಯಲ್ಲಿ ಪುಡಿಯ ಬದಲು ಪೋಟ್ಲಿ: ಸಾಮಾನನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಮಾಂಸದ ಜೊತೆ ರಾತ್ರಿಯಿಡೀ ಕುದಿಸಿ, ಬಡಿಸುವ ಮುನ್ನ ಗಂಟು ಎತ್ತಿಬಿಡುತ್ತಾರೆ.

ದೂರದ ಬಂಧುವೆಂದರೆ ಅಮೆರಿಕದ ಟಾಕೊ ಮಸಾಲೆ. 1890ರ ದಶಕದಲ್ಲಿ ಟೆಕ್ಸಸ್‌ನ ನ್ಯೂ ಬ್ರೌನ್‌ಫೆಲ್ಸ್ ಊರಿನಲ್ಲಿ ವಿಲಿಯಂ ಗೆಬ್‌ಹಾರ್ಟ್ ಎಂಬ ಜರ್ಮನ್ ವಲಸಿಗ ಒಣಮೆಣಸಿನಕಾಯಿಯನ್ನು ಬೇರೆ ಮಸಾಲೆಗಳ ಜೊತೆ ಪುಡಿಮಾಡಿ ಸೀಸೆಯಲ್ಲಿ ಮಾರತೊಡಗಿದ. ಮುಂದೆ ಬಂದ ಟಾಕೊ ಪೊಟ್ಟಣಗಳ ಬೇರು ಆ ಬಗೆಯ ಪುಡಿಯಲ್ಲಿದೆ. ಅದರ ಸಾಮಾನು ಮೆಣಸಿನಪುಡಿ, ಜೀರಿಗೆ, ಉಳ್ಳಾಗಡ್ಡಿ ಪುಡಿ, ಬಳ್ಳೊಳ್ಳಿ ಪುಡಿ, ಓರೆಗಾನೊ, ಉಪ್ಪು, ಮಂದ ಬರಿಸಲು ಗೋವಿನಜೋಳದ ಹಿಟ್ಟು. ಯೇಸರದಲ್ಲಿ ಧಾನ್ಯ ಮಾಡುವ ಕೆಲಸವನ್ನೇ ಅಲ್ಲಿ ಆ ಹಿಟ್ಟು ಮಾಡುತ್ತದೆ. ಬೀದರದ ಅಡುಗೆಮನೆಯಲ್ಲಿ ಇಲ್ಲದ್ದು ಓರೆಗಾನೊ ಒಂದೇ. ಮೆಕ್ಸಿಕೊದ ಓರೆಗಾನೊದಲ್ಲಿ ಕಾರ್ವಕ್ರಾಲ್ ಜೊತೆಗಿರುವ ಥೈಮಾಲ್ ನಮ್ಮ ಅಜವಾನದಲ್ಲಿ ಧಾರಾಳವಾಗಿದೆ. ಹಾಗಾಗಿ ಚಿಟಿಕೆ ಅಜವಾನ ಅದರ ಜಾಗ ತುಂಬಬಲ್ಲದು.

ಟಾಕೊ ಮಸಾಲೆಯನ್ನು ಮನೆಯಲ್ಲಿ ಮಾಡಿಕೊಳ್ಳುವವರಿಗೆ: ಬ್ಯಾಡಗಿ ಪುಡಿ 4 ಚಹಾ ಚಮಚ, ಹುರಿದ ಜೀರಿಗೆಯ ಪುಡಿ 2, ಕರಿದ ಉಳ್ಳಾಗಡ್ಡಿಯ ಪುಡಿ, ಒಣ ಬಳ್ಳೊಳ್ಳಿಯ ಪುಡಿ, ಉಪ್ಪು, ಜೋಳದ ಹಿಟ್ಟು ತಲಾ 1, ಕಾಳುಮೆಣಸಿನ ಪುಡಿ ಅರ್ಧ, ಅಜವಾನ ಕಾಲು. ಸುಮಾರು ಒಂದು ಕಿಲೋ ಖೀಮಾಕ್ಕೋ ಬೇಯಿಸಿದ ಮಡಕಿ ಕಾಳಿಗೋ ಇಷ್ಟು ಸಾಕು. ಲವಂಗ, ದಗಡಫೂಲ ಸೇರಿಸಬಾರದು. ಸೇರಿಸಿದರೆ ಅದು ಮತ್ತೆ ಬೀದರದ ಮಸಾಲೆಯೇ ಆಗುತ್ತದೆ.

ಬಳಕೆ

ಬದನೆಕಾಯಿ ಎಣ್ಣೆಗಾಯಿ, ಝುಣಕ, ಮಾಂಸದ ಸಾರು, ಕಾಳುಪಲ್ಯ ಮಸಾಲಿ ಖಾರವಿಲ್ಲದೆ ಆಗುವುದಿಲ್ಲ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಉಣ್ಣುವ ಭಜ್ಜಿಯಲ್ಲಿ ಮಾತ್ರ ಸಾಮಾನ್ಯವಾಗಿ ಹಸಿಮೆಣಸಿನಕಾಯಿಯದೇ ಮುಂದು. ಅದರಲ್ಲಿನ ಹೊಸ ಕಾಳು, ಸೊಪ್ಪಿನ ಹಸಿ ರುಚಿಯನ್ನು ಹುರಿದ ಮಸಾಲೆ ಮುಚ್ಚಿಬಿಡುತ್ತದೆ. ಕ್ಯಾಪ್ಸೈಸಿನ್ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುವುದರಿಂದ ಖಾರವನ್ನು ಒಗ್ಗರಣೆಯಲ್ಲೇ ಹಾಕಬೇಕು, ಒಲೆಯ ಉರಿ ತಗ್ಗಿಸಿ. ಪಲ್ಯಕ್ಕೂ ಪುರುಸೊತ್ತಿಲ್ಲದ ದಿನ ತಾಟಿನಲ್ಲಿ ಒಂದು ಚಮಚ ಖಾರ ಹಾಕಿ, ನಡುವೆ ಗುಣಿ ಮಾಡಿ ಹಸಿ ಎಣ್ಣೆ ಹನಿಸಿ ಕಲಸಿದರೆ ಜೋಳದ ರೊಟ್ಟಿಗೆ ಜೊತೆ ಸಿದ್ಧ. ಹಂಚಿನಿಂದ ಇಳಿದ ರೊಟ್ಟಿ ಬಿಸಿಯಿರುವಾಗ ಟಾಕೊದಂತೆ ಮಡಚಿಕೊಳ್ಳುತ್ತದೆ. ಆರಿದ ಮೇಲೆ ಮಡಚಹೋದರೆ ಮುರಿಯುತ್ತದೆ, ಆಗ ಮುರಿದೇ ತಿನ್ನಬೇಕು.